ಗೆರೆ ಏರಿದ್ದಕ್ಕೆ ಹುಡುಗಿ ಮಾತು ಬಿಟ್ಟಳು

ನಾನು ನಿವೃತ್ತನಾದ ಮೇಲೆ ನನ್ನ ಕುರ್ಚಿಗೆ ಹೊಸದಾಗಿ ಬಂದಿರುವ ಹುಡುಗಿ ಮೊನ್ನೆ ಮನೆಗೆ ಬಂದಿದ್ದಳು. "ಸರ, ಈ ಕೆಲಸದಾಗ ಮುಖ್ಯ ಏನ ಕಲೀಬೇಕ್ರಿ?" ಅಂತ ಕೇಳಿದಳು. ಚಹಾ ಕುಡಿಸಿ, ಶ್ರವಣಯಂತ್ರದ ಬಗ್ಗೆ ಅದೂ ಇದೂ ಹೇಳಿ ಕಳಿಸಿದೆ. ಅವಳು ಗೇಟು ದಾಟಿದ ಮೇಲೆ ನನಗೇ ನಾಚಿಕೆಯಾಯಿತು. ಮೂವತ್ತು ವರ್ಷ ದುಡಿದ ಮನುಷ್ಯ ಇಷ್ಟೇ ಹೇಳಿ ಕೈ ತೊಳೆದುಕೊಂಡರೆ ಹೇಗೆ? ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಬೈಲಹೊಂಗಲದ ಒಂದು ಧರ್ಮದ ದವಾಖಾನೆಯಲ್ಲಿ ಕಿವಿ ಪರೀಕ್ಷೆ ಮಾಡುತ್ತಿದ್ದೆ. ಕೇಳಿಸದವರಿಗೆ ಶ್ರವಣಯಂತ್ರ ಕೊಡುವುದು, ಅದನ್ನು ಅವರವರ ಕಿವಿಗೆ ಹೊಂದಿಸುವುದು, ಕೆಟ್ಟರೆ ರಿಪೇರಿಗೆ ಕಳಿಸುವುದು ಇವೇ ಕೆಲಸ. ವಾರದಲ್ಲಿ ಮೂರು ದಿನ ಬೈಲಹೊಂಗಲ, ಉಳಿದ ಮೂರು ದಿನ ಚೀಲ ಹೊತ್ತುಕೊಂಡು ಕಿತ್ತೂರು, ಸವದತ್ತಿ, ರಾಮದುರ್ಗ. ಜನ ನನ್ನನ್ನು 'ಕಿವಿ ಮಾಸ್ತರ' ಅಂತ ಕರೆಯುತ್ತಿದ್ದರು. ಎರಡು ಬಡ್ತಿ ಬಂದವು, ಅವುಗಳ ಕಥೆ ಯಾರಿಗೂ ಬೇಡ. ನಾನು ಹೇಳಬೇಕಾದದ್ದು ನನ್ನ ತಪ್ಪುಗಳನ್ನು. ಅದರಲ್ಲೂ ಒಂದನ್ನು ಹೇಳದಿದ್ದರೆ ಹೊಟ್ಟೆಗೆ ಹಾಕಿಕೊಂಡ ಅನ್ನ ಕರಗುವುದಿಲ್ಲ. ನಾನು ಆಡಿದ ಒಂದು ಮಾತಿನಿಂದ ಹತ್ತು ವರ್ಷದ ಹುಡುಗಿಯೊಬ್ಬಳು ತನ್ನ ತಾಯಿಯ ಜೊತೆ ಮಾತು ಬಿಟ್ಟಳು. ಅಲ್ಲಿಗೆ ಬರುತ್ತೇನೆ, ಸ್ವಲ್ಪ ತಡೆಯಿರಿ.

ನಾನು ಸೇರಿದಾಗ ಪರೀಕ್ಷೆಗೆ ಇದ್ದದ್ದು ಒಂದೇ ದಾರಿ. ಎದುರಿಗೆ ಕೂತವರ ಕಿವಿಗೆ ಹೆಡ್‌ಫೋನು ಹಾಕುವುದು, ನಾವು ಗುಂಡಿ ಒತ್ತಿ 'ಪೀಂ' ಎನ್ನುವ ಸದ್ದು ಕೊಡುವುದು, ಕೇಳಿದರೆ ಅವರು ಬೆರಳು ಎತ್ತುವುದು. ಒಮ್ಮೆ ಕಿತ್ತೂರಿನ ಶಿಬಿರಕ್ಕೆ ಒಬ್ಬ ಮುದುಕಪ್ಪನನ್ನು ಮಗ ಕರೆತಂದ. ಮಗ ಅಪ್ಪನ ಜೊತೆ ಮಾತಾಡಿದರೆ ಬಸ್‌ಸ್ಟ್ಯಾಂಡಿನವರೆಗೂ ಕೇಳಬೇಕು, ಅಷ್ಟು ಜೋರು. ಆದರೆ ನನ್ನ ಪರೀಕ್ಷೆಯಲ್ಲಿ ಮುದುಕಪ್ಪ ಒಂದೂ ಬಿಡದೆ ಬೆರಳು ಎತ್ತಿದ. ಎಳೆ ಮಗುವಿನ ಕಿವಿ! ನಾನು ಹಾಗೇ ಬರೆದು ಕೊಡುವವನಿದ್ದೆ. ಅಷ್ಟರಲ್ಲಿ ಹಿಂದೆ ನಿಂತಿದ್ದ ನಮ್ಮ ದೊಡ್ಡ ಡಾಕ್ಟರು ನನ್ನ ತಲೆಗೆ ಫೈಲಿನಿಂದ ಮೊಟಕಿದರು.

"ಏ ಶಾಣ್ಯಾ, ಅವರು ನಿನ್ನ ಹೆಬ್ಬಟ್ಟ ನೋಡಾಕತ್ತಾರಲ್ಲೋ! ನೀ ಒತ್ತಿದಾಗೊಮ್ಮೆ ಅವರು ಎತ್ತಾಕತ್ತಾರ."

ನೋಡಿದರೆ ಹೌದು. ಹೆಡ್‌ಫೋನು ತೆಗೆದು, "ಯಾಕ್ರಿ ಯಜಮಾನ್ರ, ಕೇಳದಿದ್ರೂ ಬೆರಳ ಎತ್ತಿದ್ರಿ?" ಅಂತ ಕಿವಿಯ ಹತ್ತಿರ ಕೂಗಿದೆ.

"ನೀವು ಪಾಪ ಮುಂಜಾನಿಂದ ಒತ್ತಾಕತ್ತೀರಿ," ಅಂದ ಮುದುಕಪ್ಪ. "ನಾ ಎತ್ತಲಿಲ್ಲಂದ್ರ ನಿಮಗ ಬ್ಯಾಸರ ಆಗಂಗಿಲ್ಲೇನ್ರಿ?"

ನಗಬೇಡಿ. ಈ ಕಡೆಯ ಜನರ ಸ್ವಭಾವವೇ ಅದು, ಅದನ್ನು ಅರ್ಥ ಮಾಡಿಕೊಳ್ಳಲು ನನಗೆ ಅರ್ಧ ಸರ್ವಿಸು ಹೋಯಿತು. ತಮಗಾಗಿ ದುಡಿದವರ ಎದುರು ಇವರು 'ಬರೋಬ್ಬರಿ ಇಲ್ಲ' ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಶ್ರವಣಯಂತ್ರ ಹೇಗಿದೆ ಅಂತ ಕೇಳಿ, ನೂರಕ್ಕೆ ನೂರು ಮಂದಿ "ಚಲೋ ಐತ್ರಿ ಸರ" ಅನ್ನುತ್ತಾರೆ. ನಾನು ಖುಷಿಯಿಂದ ರಿಜಿಸ್ಟರಿನಲ್ಲಿ 'ತೃಪ್ತಿಕರ' ಅಂತ ಬರೆಯುತ್ತಿದ್ದೆ.

ರಾಮದುರ್ಗದ ನೇಕಾರ ಮಲ್ಲಪ್ಪನೂ ವರ್ಷಗಟ್ಟಲೆ ಹಾಗೇ ಹೇಳಿದ. ಮಗ್ಗದ ಸದ್ದಿಗೆ ಕಿವಿ ಕಳೆದುಕೊಂಡಿದ್ದವನು. ಒಮ್ಮೆ ಅವರ ಓಣಿಗೆ ಹೋದಾಗ ಮನೆಗೇ ಹೋದೆ. ಯಂತ್ರ ಎಲ್ಲಿ ಅಂದರೆ, ಅವನ ಹೆಂಡತಿ ಟ್ರಂಕು ತೆಗೆದು, ರೇಷ್ಮೆ ಸೀರೆಯ ಮಡಿಕೆಯೊಳಗಿಂದ ತಂದು ಕೊಟ್ಟಳು. ಅರಿವೆಯಲ್ಲಿ ಸುತ್ತಿ, ಗಂಟು ಹಾಕಿ, ಅಷ್ಟು ಜೋಪಾನ! ನನಗೆ ಪಿತ್ತ ನೆತ್ತಿಗೇರಿತು, ಬಾಯಿಗೆ ಬಂದಂತೆ ಬೈದೆ.

ಮಲ್ಲಪ್ಪ ತಲೆ ತಗ್ಗಿಸಿ ಹೇಳಿದ, "ಕೇಳಂಗಿಲ್ಲ ಅಂತಲ್ರಿ ಸರ. ಕೇಳತೈತಿ, ತಿಳೀತೈತಿ. ಆದ್ರ ಮಧ್ಯಾಹ್ನ ಆಗೂದ್ರಾಗ ತೆಲಿ ಗಿಂವ್ ಅಂತೈತಿ. ನಾಕ ಮಂದಿ ನಡುವ ಕುಂತ ಮಾತ ಕೇಳೂದು ಅಂದ್ರ ಗೊಬ್ಬರದ ಚೀಲಾ ಹೊತ್ತಂಗ ಆಗತೈತ್ರಿ."

ಎಷ್ಟು ಸ್ಪಷ್ಟವಾಗಿ ಹೇಳಿದ್ದ ನೋಡಿ! ನಾನು ಮಾತ್ರ ರಿಜಿಸ್ಟರಿನಲ್ಲಿ 'ಇನ್ನೂ ರೂಢಿಯಾಗಿಲ್ಲ' ಅಂತ ಗೀಚಿ ಮುಂದಿನ ಮನೆಗೆ ಹೋದೆ. ಇವತ್ತಿಗೂ ಆ ಸಾಲು ನೆನಪಾದರೆ ನನ್ನ ಕೈಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅವನ ಗೊಬ್ಬರದ ಚೀಲ ಏನೆಂದು ನನಗೆ ತಿಳಿದದ್ದು ನೌಕರಿಯ ಕೊನೆಯ ಎರಡು ವರ್ಷಗಳಲ್ಲಿ. ದೊಡ್ಡ ಊರಿನ ಕಾಲೇಜಿನಿಂದ ಸ್ವಾತಿ ಅಂತ ಒಬ್ಬ ಡಾಕ್ಟರು ಒಂದು ಅಧ್ಯಯನಕ್ಕೆ ಬಂದರು. ಮೈಸೂರು ಕಡೆಯವರು, ವಯಸ್ಸಿನಲ್ಲಿ ನನ್ನ ಮಗಳ ವಾರಿಗೆಯವರು. ಅವರು ತಂದದ್ದು ಈಜುವವರು ಹಾಕಿಕೊಳ್ಳುವಂಥ ಒಂದು ಬಿಗಿ ಟೊಪ್ಪಿಗೆ. ಅದರ ತುಂಬ ಅಂಗಿಯ ಗುಂಡಿಯಷ್ಟು ಬಿಲ್ಲೆಗಳು, ಒಂದೊಂದಕ್ಕೂ ಒಂದೊಂದು ತಂತಿ. ಮಿದುಳು ಕೆಲಸ ಮಾಡುವಾಗ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಆ ಬಿಲ್ಲೆಗಳು ಹಿಡಿಯುತ್ತವೆ. ಗದ್ದಲದ ನಡುವೆ ಕಷ್ಟಪಟ್ಟು ಮಾತು ಕೇಳುವಾಗ ತಲೆಯ ಮುಂಭಾಗದ ಒಂದು ಬಗೆಯ ಅಲೆ ಬಲವಾಗುತ್ತದೆ. ಅದನ್ನು ಅಳೆದು, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಒಂದು ಗೆರೆ ಎಳೆಯುತ್ತಿದ್ದರು. ಗೆರೆ ಮೇಲಿದ್ದರೆ ಕೇಳುವವರು ಹೆಚ್ಚು ದುಡಿಯುತ್ತಿದ್ದಾರೆ ಅಂತ ಅರ್ಥ.

"ಇಷ್ಟು ವರ್ಷ ನಾವು ಎಷ್ಟು ಕೇಳಿಸ್ತು ಅಂತ ಅಳೆದ್ವಿ ಸರ್," ಅಂದರು ಸ್ವಾತಿ. "ಅಷ್ಟು ಕೇಳಿಸ್ಕೊಳ್ಳೋಕೆ ಅವರು ಎಷ್ಟು ಸವೆದ್ರು ಅಂತ ಯಾರೂ ಅಳೀಲಿಲ್ಲ."

ನನಗೆ ಮಲ್ಲಪ್ಪನ ನೆನಪಾಯಿತು. ಅವನನ್ನೇ ಮೊದಲು ಕರೆಸಿದೆ. ಸಣ್ಣ ಗದ್ದಲದ ನಡುವೆ ಹೇಳಿದ ವಾಕ್ಯಗಳನ್ನೆಲ್ಲ ಅವನು ತಪ್ಪಿಲ್ಲದೆ ತಿರುಗಿ ಹೇಳಿದ. ಹಳೆಯ ಲೆಕ್ಕದಲ್ಲಿ ಅವನಿಗೆ ಏನೂ ತೊಂದರೆಯಿಲ್ಲ. ಗೆರೆ ನೋಡಿದರೆ ಹಾಳೆಯ ನೆತ್ತಿಗೆ ಮುಟ್ಟಿತ್ತು. ನಾನು ಎದ್ದು ಹೋಗಿ ಅವನ ಕೈ ಹಿಡಿದು, "ಮಲ್ಲಪ್ಪ, ಅವತ್ತ ಬೈದದ್ದು ನನ್ನ ತಪ್ಪ," ಅಂದೆ. ಅವನು ನಕ್ಕು, "ಹೋಗ್ಲಿ ಬಿಡ್ರಿ ಸರ, ನೀವು ಬೈದದ್ದು ನನಗ ಪೂರಾ ಕೇಳಿರಲಿಲ್ಲ," ಅಂದ.

ಆ ಟೊಪ್ಪಿಗೆ ನಮಗೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. ತಲೆಯಲ್ಲಿ ಎಣ್ಣೆ ಇದ್ದರೆ ಬಿಲ್ಲೆ ಹಿಡಿಯುವುದಿಲ್ಲ. ಸವದತ್ತಿಯಲ್ಲಿ ಮೊದಲ ದಿನ ಬಂದ ಹೆಣ್ಣುಮಗಳ ತಲೆಯಿಂದ ಕೊಬ್ಬರಿ ಎಣ್ಣೆ ಹಣೆಗೆ ಇಳಿಯುತ್ತಿತ್ತು. "ಯವ್ವಾ, ತೆಲಿ ತೊಳಕೊಂಡ ಬಾ ಅಂದಿದ್ನಲ್ಲ?" ಅಂದರೆ, "ತೊಳಕೊಂಡೇನ್ರಿ! ದವಾಖಾನಿಗೆ ಹೊಂಟಾಕಿ ಹಂಗ ಬಂದ್ರ ಚಂದ ಕಾಣಂಗಿಲ್ಲಂತ ಆಮ್ಯಾಲೆ ಎಣ್ಣಿ ಹಚ್ಚಿಕೊಂಡೇನ್ರಿ," ಅಂದಳು. ಸ್ವಾತಿಯವರು ಕಣ್ಣು ಕಣ್ಣು ಬಿಟ್ಟರು. ಕೊನೆಗೆ ನಾನೊಂದು ಉಪಾಯ ಮಾಡಿದೆ. ನಮ್ಮಲ್ಲಿ ಹೆಣ್ಣುಮಕ್ಕಳು ತಲೆ ಎರೆದುಕೊಳ್ಳುವುದು ಮಂಗಳವಾರ, ಶುಕ್ರವಾರ. ಟೊಪ್ಪಿಗೆಯ ಕೆಲಸವನ್ನು ಆ ಎರಡು ದಿನಕ್ಕೆ ಹಾಕಿ, ಎಲ್ಲ ಶಿಬಿರಗಳ ದಿನವನ್ನೂ ಹಿಂದೆ ಮುಂದೆ ಮಾಡಿದೆ. "ಎರಕೊಂಡ ಮ್ಯಾಲೆ ಸೀದಾ ನಮ್ಮ ಕಡೆ ಬರ್ರಿ, ಎಣ್ಣಿ ನಾವ ಕೊಡತೇವಿ" ಅಂತ ಹೇಳಿ ಒಂದು ಎಣ್ಣೆ ಬಾಟಲಿಯನ್ನೂ ಕನ್ನಡಿಯನ್ನೂ ಇಟ್ಟೆ. ಅಲ್ಲಿಂದ ಕೆಲಸ ಸುಸೂತ್ರವಾಯಿತು.

ಗಂಡಸರದು ಬೇರೆ ರಗಳೆ. ಚಚಡಿಯಿಂದ ಬಂದ ಒಬ್ಬ ರೈತರು ಟೊಪ್ಪಿಗೆಯನ್ನು ದೂರದಿಂದಲೇ ನೋಡಿ, "ತೆಲಿಯೊಳಗ ಏನ ವಿಚಾರ ನಡದೈತಿ ಅನ್ನೂದೂ ಕಾಣತೈತೇನ್ರಿ?" ಅಂತ ಕೇಳಿದರು. ಇಲ್ಲ ಅಂದೆ. "ಹಂಗಾರ ಅದನ್ನ ನಮ್ಮ ಮನಿಯಾಕಿಗೆ ತಿಳಿಸಿ ಹೇಳ್ರಿ. 'ಇವತ್ತ ಎಲ್ಲಾ ಹೊರಗ ಬರತೈತಿ' ಅಂತ ಬಸ್ಸಿನ್ಯಾಗಿಂದ ನಗಾಕತ್ತಾಳ!" ಹೊರಗೆ ಬೆಂಚಿನ ಮೇಲೆ ಕೂತಿದ್ದ ಆ ತಾಯಿ ಸೆರಗು ಬಾಯಿಗೆ ಹಿಡಿದು ನಗುತ್ತಲೇ ಇದ್ದಳು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಸಂಪಗಾಂವದ ನೀಲಾ ಅಕ್ಕೋರು ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತಾರೆ. ಎರಡೂ ಕಿವಿಗೆ ಯಂತ್ರ ಹಾಕಿಕೊಂಡು ಆರು ವರ್ಷವಾಗಿತ್ತು. ಪ್ರತಿ ಸಲವೂ ಬಂದು "ಚಲೋ ಐತ್ರಿ ಸರ" ಅನ್ನುತ್ತಿದ್ದವರು. ಒಂದು ಶುಕ್ರವಾರ ಮಗಳು ಭಾಗ್ಯಾಳನ್ನೂ ಕರೆದುಕೊಂಡು ಬಂದಿದ್ದರು. ಎಂದಿನಂತೆ ಯಂತ್ರ ಹೇಗಿದೆ ಅಂತ ಕೇಳಿದೆ. ಅಕ್ಕೋರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಹುಡುಗಿ ಮಾತಾಡಿದಳು.

"ಅಜ್ಜಾರ, ನಮ್ಮವ್ವ ಸಾಲಿ ಹುಡುಗೂರ ಮಾತ ಅಷ್ಟೂ ಕೇಳತಾಳ. ಮನಿಗೆ ಬಂದ ಕೂಡ್ಲೇ ಮಶಿನ್ ತೆಗದ ಡಬ್ಬಿಯೊಳಗ ಇಡತಾಳ. ನಾ ಏನ ಹೇಳಿದ್ರೂ ಹೂಂ ಅಂತಾಳ. ಒಂದ ದಿನ ಬೇಕಂತ, ಅಡಗಿ ಮನಿಯಾಗ ಆನಿ ಬಂದೈತಿ ಅಂದೆ. ಅದಕ್ಕೂ ಹೂಂ ಅಂದಳ್ರಿ!"

ನಿವೃತ್ತಿಗೆ ಇನ್ನೂ ವರ್ಷ ಇದ್ದವನಿಗೆ 'ಅಜ್ಜಾರ' ಅಂದದ್ದು ಒಂದು ಕಡೆ ಇರಲಿ, ಹುಡುಗಿಯ ಕಣ್ಣು ತುಂಬಿತ್ತು. ಅಕ್ಕೋರಿಗೆ ಅದು ಕೇಳಿರಲಿಲ್ಲ. ನಾನು ಎದುರಿಗೆ ಕೂತು ನಿಧಾನಕ್ಕೆ ಹೇಳಿದೆ. ಅವರ ಮುಖ ಕಪ್ಪಿಟ್ಟಿತು.

"ಖರೇನ ಐತ್ರಿ ಸರ. ಸಾಲಿಯಿಂದ ಬಂದ್ರ ಗ್ವಾಡಿಗೆ ಒರಗಿ ಕುಂತ ಬಿಡತೇನಿ. ಮಂದಿ ಮಕ್ಕಳ ಮಾತ ಕೇಳಿ ಕೇಳಿ ನನ್ನ ಮಗಳ ಮಾತ ಕೇಳಾಕ ಶಕ್ತಿನ ಉಳಿಯಂಗಿಲ್ಲ. ಎಂಥಾ ತಾಯಿರಿ ನಾ?"

ಅವರಿಗೂ ಟೊಪ್ಪಿಗೆ ಹಾಕಿ ನೋಡೋಣ ಅಂದರು ಸ್ವಾತಿ. ಪರೀಕ್ಷೆಗೆ ಬಂದವರಿಗೆಲ್ಲ ಹಾಕಿ ಕೇಳಿಸಲು ಒಬ್ಬ ಗಂಡಸಿನ ದನಿ, ಒಬ್ಬ ಹೆಂಗಸಿನ ದನಿ ಮೊದಲೇ ರೆಕಾರ್ಡ್ ಆಗಿ ಇದ್ದವು. ಅವುಗಳ ಜೊತೆಗೆ ಭಾಗ್ಯಾಳಿಂದಲೂ ವಾಕ್ಯಗಳನ್ನು ಓದಿಸಿ ರೆಕಾರ್ಡ್ ಮಾಡಿಕೊಂಡರು. ಮೂರೂ ದನಿಗಳನ್ನು ಮೊದಲು ಸಣ್ಣ ಗದ್ದಲದಲ್ಲಿ, ಆಮೇಲೆ ಸಂತೆಯಂಥ ದೊಡ್ಡ ಗದ್ದಲದಲ್ಲಿ ಅಕ್ಕೋರಿಗೆ ಕೇಳಿಸಿದೆವು. ಅವರು ಕಣ್ಣು ಮುಚ್ಚದೆ, ಅಲುಗಾಡದೆ ಒಂದು ತಾಸು ಕೂತರು.

ಮುಂದಿನ ವಾರ ಸ್ವಾತಿಯವರಿಗೆ ಬರಲಾಗಲಿಲ್ಲ. ಫಲಿತಾಂಶವನ್ನು ಕಂಪ್ಯೂಟರಿಗೆ ಕಳಿಸಿದ್ದರು. ತಾಯಿ ಮಗಳು ಎದುರಿಗೆ ಕೂತಿದ್ದರು, ಹೊರಗೆ ಮಂದಿ ಕಾಯುತ್ತಿದ್ದರು. ನನಗೋ ನಾನೇ ದೊಡ್ಡ ಪಂಡಿತ ಅನ್ನುವ ಹುರುಪು. ಮೊದಲ ಪುಟ ತೆರೆದೆ. ಸಣ್ಣ ಗದ್ದಲದ ಮೂರು ಗೆರೆಗಳಿದ್ದವು. ಭಾಗ್ಯಾಳ ದನಿಯ ಗೆರೆ ಎಲ್ಲಕ್ಕಿಂತ ಮೇಲಿತ್ತು. ಅದರಲ್ಲಿ ಆಶ್ಚರ್ಯವೇನಿಲ್ಲ, ಮಕ್ಕಳದು ಸಪೂರ ದನಿ, ಅಕ್ಕೋರ ಕಿವಿಗೆ ಕೇಳದೆ ಹೋಗಿದ್ದದ್ದೂ ಅಂಥ ಸಪೂರ ಸದ್ದುಗಳೇ. ಹುಡುಗಿಗೆ ತಾಯಿಯ ಮೇಲಿನ ಸಿಟ್ಟು ಇಳಿಯಲಿ ಅಂತ ನಾನು ಅವಳನ್ನು ಹತ್ತಿರ ಕರೆದೆ.

"ನೋಡವಾ, ಇದು ನಿನ್ನ ದನಿ. ನಿನ್ನ ಮಾತ ಕೇಳಬೇಕಂದ್ರ ನಿಮ್ಮವ್ವನ ತೆಲಿ ಎಲ್ಲಾರ ಮಾತಕಿಂತಾ ಜಾಸ್ತಿ ದುಡೀಬೇಕಾಗತೈತಿ. ಇನ್ನ ಮ್ಯಾಲೆ ಅವ್ವನ ಮ್ಯಾಲೆ ಸಿಟ್ಟ ಮಾಡಬ್ಯಾಡ, ಹೂಂ?"

ಅವಳು ಗೆರೆಯ ತುದಿಗೆ ಬೆರಳಿಟ್ಟು, "ಇಷ್ಟ ಎತ್ತರಾ?" ಅಂದಳು. ಇಷ್ಟು ಅಂದೆ. ಮತ್ತೇನೂ ಕೇಳಲಿಲ್ಲ. ಒಳ್ಳೇ ಕೆಲಸ ಮಾಡಿದೆ ಅಂದುಕೊಂಡು ನಾನು ಅವತ್ತು ಅರ್ಧ ಕಪ್ಪು ಚಹಾ ಹೆಚ್ಚಿಗೆ ಕುಡಿದೆ.

ಒಂದು ತಿಂಗಳಿಗೆ ಅಕ್ಕೋರು ಒಬ್ಬರೇ ಬಂದರು. ಕುರ್ಚಿಯಲ್ಲಿ ಕೂರಲೂ ಇಲ್ಲ.

"ಸರ, ನನ್ನ ಮಗಳು ನನ್ನ ಕೂಡ ಮಾತ ಬಿಟ್ಟಾಳ್ರಿ."

"ಜಗಳ ಆತೇನ್ರಿ?"

"ಇಲ್ರಿ. ನಗತಾಳ, ನೀರ ತಂದ ಕೊಡತಾಳ, ಸಂಜಿಕೆ ತೆಲಿ ಒತ್ತತಾಳ. ಬಾಯಿ ಮಾತ್ರ ತೆಗಿಯಂಗಿಲ್ಲ. ಏನರ ಬೇಕಾದ್ರ ಪಾಟಿ ಮ್ಯಾಲೆ ಬರದ ತೋರಸ್ತಾಳ. ನಮ್ಮತ್ತಿ ಕೂಡ ಮಾತಾಡತಾಳ, ಸಾಲಿಯಾಗೂ ಮಾತಾಡತಾಳ. ನಾ ಯಾಕಂತ ಕೇಳಿದ್ರ ಸುಮ್ಮ ನಗತಾಳ. ನಿನ್ನೆ ನಮ್ಮತ್ತಿ ಒತ್ತಾಯ ಮಾಡಿ ಕೇಳಿದಾಗ ಹೇಳ್ಯಾಳ. 'ನಾ ಮಾತಾಡಿದ್ರ ಅವ್ವನ ತೆಲಿಗೆ ಎಲ್ಲಾರಕಿಂತಾ ಜಾಸ್ತಿ ತ್ರಾಸ ಆಗತೈತಿ. ಕಿವಿ ಮಾಸ್ತರ ಅಜ್ಜಾರ ತೋರ್ಸ್ಯಾರ' ಅಂತ."

ಇಷ್ಟು ವರ್ಷ ಮಾತು ಕೇಳಿಸಲೆಂದು ದುಡಿದವನು ಒಂದು ಎಳೆ ಬಾಯಿಗೆ ಬೀಗ ಹಾಕಿದ್ದೆ. ಅಕ್ಕೋರು ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ, "ಆಕಿ ದನಿ ಕೇಳಿ ತಿಂಗಳಾತ್ರಿ ಸರ" ಅಂತ ಅತ್ತರು.

ಸ್ವಾತಿಯವರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು, "ಸರ್, ಎರಡನೇ ಪುಟ ನೋಡಿದ್ರಾ?" ಅಂದರು.

ನಾನು ಎರಡನೇ ಪುಟ ಇದೆ ಅನ್ನುವುದನ್ನೇ ನೋಡಿರಲಿಲ್ಲ. ತೆರೆದೆ. ದೊಡ್ಡ ಗದ್ದಲದ ಗೆರೆಗಳಿದ್ದವು. ಸ್ವಾತಿ ಫೋನಿನಲ್ಲೇ ಅದನ್ನು ಬಿಡಿಸಿ ಹೇಳಿದರು. ಕೊನೆಗೆ, "ಒಬ್ಬರ ಅಳತೆ ಇಟ್ಕೊಂಡು ನಾವು ರಿಸರ್ಚ್ ಪೇಪರಿನಲ್ಲಿ ದೊಡ್ಡ ಮಾತು ಬರೆಯೋ ಹಾಗಿಲ್ಲ ಸರ್. ಆದ್ರೆ ಆ ಮಗುಗೆ ಇದನ್ನ ಹೋಗಿ ಹೇಳಿ. ಇವತ್ತೇ ಹೋಗಿ," ಅಂದರು.

ಆ ಪುಟವನ್ನು ಹಾಳೆಯ ಮೇಲೆ ಪ್ರಿಂಟ್ ತೆಗೆದು, ಮಡಚಿ ಕಿಸೆಯಲ್ಲಿಟ್ಟುಕೊಂಡು, ಅಕ್ಕೋರ ಜೊತೆಗೇ ಸಂಪಗಾಂವದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಕ್ಕೋರ ಮುಖ ನೋಡುವ ಧೈರ್ಯವಾಗಲಿಲ್ಲ. ಭಾಗ್ಯಾ ಅಂಗಳದಲ್ಲೇ ಸಿಕ್ಕಳು. "ಬರ್ರಿ ಅಜ್ಜಾರ," ಅಂತ ಬಾಯಿತುಂಬ ಕರೆದಳು. ಹಿಂದಿನಿಂದ ತಾಯಿ ಬರುವುದು ಕಂಡ ಕೂಡಲೇ ತುಟಿ ಮುಚ್ಚಿದಳು. ಅವಳ ಅಜ್ಜಿ ಅವಲಕ್ಕಿ ತಂದಿಟ್ಟು, "ನೀವ ಕಟ್ಟಿದ ಗಂಟ ನೀವ ಬಿಚ್ಚರಿ," ಅಂತ ಮುಖಕ್ಕೆ ಹೊಡೆದಂತೆ ಹೇಳಿ ಒಳಗೆ ಹೋದರು. ನ್ಯಾಯವೇ. ನಾನು ತಟ್ಟೆಗೆ ಕೈ ಹಚ್ಚದೆ ಹಾಳೆ ಬಿಡಿಸಿ ಹುಡುಗಿಯ ಮುಂದೆ ಹಾಸಿದೆ.

"ಭಾಗ್ಯಾ, ಅವತ್ತ ನಾ ನಿನಗ ಅರ್ಧಾ ಹೇಳಿದ್ನಿ. ತಪ್ಪ ನಂದು. ಇದು ಸಂತಿಯಂಥಾ ಗದ್ದಲದಾಗ ತೆಗದದ್ದು. ಇಷ್ಟ ಗದ್ದಲದಾಗ ನಿಮ್ಮವ್ವಗ ಯಾರ ಮಾತೂ ತಿಳಿದಿಲ್ಲ. ಇದು ಗಂಡಸಿನ ದನಿ. ಗೆರಿ ಎಲ್ಲೈತಿ ನೋಡು."

ಅವಳು ಬೆರಳಿಂದ ತಳ ತೋರಿಸಿದಳು.

"ಇದು ಆ ಹೆಣ್ಣಮಗಳ ದನಿ."

ಅದೂ ತಳದಲ್ಲಿತ್ತು.

"ಯಾಕ ಕೆಳಗ ಬಿತ್ತು ಗೊತ್ತೇನ? ತಿಳಿಯಂಗಿಲ್ಲ ಅಂತ ಖಾತ್ರಿ ಆತಂದ್ರ ನಮ್ಮ ತೆಲಿ, ಹೋಗ್ಲಿ ಬಿಡು, ಅಂತ ಕೈ ಬಿಡತೈತಿ. ಕೈ ಬಿಟ್ಟ ಮ್ಯಾಲೆ ದುಡಿಯೂದು ಏನೈತಿ? ಗೆರಿ ಬೀಳತೈತಿ. ನೀನಾದ್ರೂ ಹಂಗ, ನಾನಾದ್ರೂ ಹಂಗ. ಈಗ ನಿನ್ನ ದನಿ ನೋಡು."

ಬೆರಳು ಹಾಳೆಯ ಮೇಲೆ ಹುಡುಕುತ್ತಾ ಹೋಗಿ, ನೆತ್ತಿಯ ಹತ್ತಿರ ನಿಂತಿತು.

"ನಿನ್ನ ಮಾತೂ ಅವ್ವಗ ತಿಳಿದಿಲ್ಲವಾ. ಒಂದ ಶಬ್ದಾನೂ ಬರೋಬ್ಬರಿ ಹೇಳಿಲ್ಲ. ತಿಳಿದಿಲ್ಲ, ಆದ್ರೂ ಬಿಟ್ಟಿಲ್ಲ. ಎಲ್ಲಾರ್ನೂ ಬಿಟ್ಟಾಳ, ನಿನ್ನ ಒಬ್ಬಾಕಿನ್ನ ಬಿಟ್ಟಿಲ್ಲ."

ಅಕ್ಕೋರು ನನ್ನ ತುಟಿಯನ್ನೇ ನೋಡುತ್ತಿದ್ದರು. ಅರ್ಧ ತಿಳಿದಿತ್ತು, ಅರ್ಧ ಇಲ್ಲ. "ಸರ, ಇನ್ನೊಮ್ಮೆ ಹೇಳ್ರಿ," ಅಂದರು. ಅವರ ಕಡೆ ತಿರುಗಿ ಇನ್ನೊಮ್ಮೆ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ನಾ ಕೈ ಬಿಟ್ಟೇನಿ ಅಂತ ತಿಳ್ಕೊಂಡಿದ್ನೆಲ್ರಿ ಸರ," ಅಂದರು. "ನಾ ಬಿಟ್ಟಿಲ್ಲೇನ್ರಿ?"

"ಬಿಟ್ಟಿಲ್ರಿ ಅಕ್ಕೋರ."

ನನ್ನ ಕಣ್ಣಿಗೂ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಹುಡುಗಿ ಮಾತ್ರ ಅಳಲಿಲ್ಲ. ಲೆಕ್ಕ ಸರಿಯಿದೆಯೋ ಇಲ್ಲವೋ ಅಂತ ನೋಡುವವಳ ಹಾಗೆ ಹಾಳೆಯನ್ನು ಮತ್ತೆ ಮತ್ತೆ ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು, "ಹಂಗಾರ ನಾ ಮಾತಾಡಿದ್ರ ಅವ್ವಗ ನೋವ ಆಗಂಗಿಲ್ಲೇನ್ರಿ?"

"ದಣಿವ ಆಗತೈತಿ, ನೋವ ಅಲ್ಲ. ಸಾಲಿಯಿಂದ ಬಂದ ಮ್ಯಾಲೆ ಒಂದರ್ಧಾ ತಾಸ ಬಿಡು, ಮಶಿನ್ ತೆಗದ ಸುಮ್ಮ ಕುಂಡ್ರಲಿ. ಆಮ್ಯಾಲೆ ಎದುರಿಗೆ ಬಂದು ಮಾತಾಡು, ಎಷ್ಟ ಬೇಕಾದಷ್ಟ ಮಾತಾಡು."

ಅಕ್ಕೋರು ಬಸ್ಸಿನ ಸದ್ದು ತಾಳದೆ ಎಡಗಿವಿಯ ಯಂತ್ರವನ್ನು ದಾರಿಯಲ್ಲೇ ತೆಗೆದಿದ್ದರು. ಈಗ ಡಬ್ಬಿಯಿಂದ ತೆಗೆದು ಹಾಕಿಕೊಂಡು, ನೆಲದ ಮೇಲೆ ಕೂತು ಮಗಳ ಕಡೆ ನೋಡಿದರು. ಭಾಗ್ಯಾ ಹೋಗಿ ಎದುರಿಗೆ ಕೂತಳು. ಒಂದು ತಿಂಗಳ ಮಾತು ಎಲ್ಲಿಂದ ಶುರು ಮಾಡಬೇಕೋ ಅವಳಿಗೂ ತಿಳಿಯಲಿಲ್ಲ ಅಂತ ಕಾಣುತ್ತದೆ. ಗೆಳತಿಯೊಬ್ಬಳು ತನ್ನ ಕಂಪಾಸು ಮುರಿದದ್ದು, ಅದಕ್ಕೆ ತಾನು ಟೂ ಬಿಟ್ಟದ್ದು, ಬೆಕ್ಕು ಮರಿ ಹಾಕಿದ್ದು, ಎಲ್ಲ ಒಟ್ಟಿಗೇ ಗಡಿಬಿಡಿಯಲ್ಲಿ ಹೊರಬಂತು.

"ಏನಂದಿ? ನಿಧಾನಕ ಹೇಳು," ಅಂದರು ಅಕ್ಕೋರು. ಹುಡುಗಿ ತಿರುಗಿ ಹೇಳಿದಳು. ಮತ್ತೆ ಏನು ಅಂದರು. ಹುಡುಗಿ ಎರಡೂ ಕೈಯಿಂದ ತಾಯಿಯ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಮೂರನೆಯ ಸಲ ಮೊದಲಿನಿಂದ ಹೇಳತೊಡಗಿದಳು.